ಬೋಂಡನ ಕಾಲು, ಅಜ್ಜಿಯ ಹೆಪ್ಪು



ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವ ದಿನಗಳು ಬಂದವು. ಹೋದ ವಾರ ತರಗತಿ ಮುಗಿಸಿ ಜಾಕೆಟ್ ಹಾಕಿಕೊಳ್ಳುತ್ತಿದ್ದಾಗ ನಾಲ್ಕೈದು ಮಕ್ಕಳು ನನ್ನನ್ನು ಸುತ್ತುವರಿದು, "ಮಿಸ್, ಬೋಂಡನ ಕಾಲು ಪೂರ್ತಿ ಬಂತಾ?" ಎಂದು ಕೇಳಿದರು. ಬಂತು. ಈ ಕಥೆಯನ್ನು ಅಂಕಣದಲ್ಲಿ ಬರೆಯುತ್ತೇನೆ ಎಂದು ಆಗಸ್ಟ್ ತಿಂಗಳಿಂದ ಹೇಳುತ್ತಲೇ ಇದ್ದೆ. ಬರೆದ ಮೇಲೆ ಏನಾದರೂ ಹೆಚ್ಚುಕಮ್ಮಿ ಆಗಿಬಿಟ್ಟರೆ ಎಂಬ ಅಳುಕಿನಿಂದ ಸುಮ್ಮನಿದ್ದೆ. ಇದರಲ್ಲಿ ನಮ್ಮತ್ತೆಯವರ ಪಾತ್ರವೂ ದೊಡ್ಡದಿದೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಬರಿ, ಬೇರೆಯವರ ಮನೇಲಾದ್ರೂ ಹೀಗಾಗದೆ ಇರ್ಲಿ" ಎಂದಿದ್ದಾರೆ.

ಬೋಂಡನನ್ನು ನೋಡದವರಿಗೆ ಮೊದಲು ಪರಿಚಯ. ಸುಂಡ್‌ಬೀಬರ್ಯ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಪಕ್ಕ ಒಂದು ಗಾಜಿನ ತೊಟ್ಟಿ ಇದೆ. ಅದರೊಳಗಿರುವುದು ಬೋಂಡ, ಒಂದು ಆಕ್ಸೊಲಾಟಲ್. ಹೆಚ್ಚುಕಡಿಮೆ ಒಂದು ಗೇಣು ಉದ್ದ, ಹಾಲಿಗೆ ಕುಂಕುಮ ಬೆರೆಸಿದಂಥ ಬಣ್ಣ, ಕಪ್ಪು ಗುಂಡುಸೂಜಿಯ ತಲೆಯಂಥ ಕಣ್ಣು. ಕತ್ತಿನ ಎರಡೂ ಬದಿಗೆ ಮೂರು ಮೂರು ಕೆಂಪು ಗರಿಗಳು. ಅವು ಅಲಂಕಾರವಲ್ಲ, ಅದರ ಕಿವಿರು. ಮೀನಿಗೆ ಒಳಗಿರುವ ಕಿವಿರು ಇದಕ್ಕೆ ಹೊರಗೇ ಇದೆ. ಬಾಯಿಯ ಗೆರೆ ಮೇಲಕ್ಕೆ ಬಾಗಿರುವುದರಿಂದ ಯಾವಾಗಲೂ ನಗುತ್ತಿರುವಂತೆ ಕಾಣುತ್ತದೆ. ಈ ನಗುವನ್ನು ನಂಬಬೇಡಿ. ಜೀವ ಹೋಗುವಷ್ಟು ಕಷ್ಟದಲ್ಲಿದ್ದಾಗಲೂ ಅದರ ಮುಖ ಹಾಗೆಯೇ ಇರುತ್ತದೆ.

"ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತೀರಿ. ಕನ್ನಡದಲ್ಲೂ ಬೇರೆ ಹೆಸರಿಲ್ಲ, ಸ್ವೀಡಿಷ್‌ನಲ್ಲೂ ಇಲ್ಲ. ಮೆಕ್ಸಿಕೋದ ನಾವಾತ್ಲ್ ಭಾಷೆಯ ಹೆಸರನ್ನೇ ಎಲ್ಲರೂ ಇಟ್ಟುಕೊಂಡಿದ್ದೇವೆ. ಟೊಮೆಟೊ, ಚಾಕೊಲೇಟ್ ಎರಡೂ ಅದೇ ಭಾಷೆಯಿಂದ ಬಂದ ಪದಗಳು. ಒಂದು ಕಾಲಕ್ಕೆ ಮರಾಬೌ ಚಾಕೊಲೇಟಿನ ಕಾರ್ಖಾನೆಯಿದ್ದ ನಮ್ಮೂರಿಗೆ ಆಕ್ಸೊಲಾಟಲ್ ತೀರಾ ಹೊರಗಿನದೇನೂ ಅಲ್ಲ ಎಂದು ನಾನು ತಮಾಷೆ ಮಾಡುವುದುಂಟು. ಕರ್ನಾಟಕದಲ್ಲಂತೂ ಇದರ ಹತ್ತಿರದ ಬಳಗದವರು ಯಾರೂ ಇಲ್ಲ. ಭಾರತದಲ್ಲಿ ಸಲಮಾಂಡರ್ ಜಾತಿಯದನ್ನು ಅದರ ನೆಲೆಯಲ್ಲೇ ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಿಗೆ ಹೋಗಬೇಕು. ನಮ್ಮ ಕೆರೆ ಗದ್ದೆಗಳ ಕಪ್ಪೆ ಇದಕ್ಕೆ ದೂರದ ನೆಂಟ. ಗೊದಮೊಟ್ಟೆಗೆ ಕಾಲು ಬಂದು, ಬಾಲ ಕರಗಿ, ಕಿವಿರು ಹೋಗಿ ಕಪ್ಪೆಯಾಗುತ್ತದಲ್ಲ, ಆಕ್ಸೊಲಾಟಲ್ ಆ ಕೊನೆಯ ಹೆಜ್ಜೆಯನ್ನು ಸಾಮಾನ್ಯವಾಗಿ ಇಡುವುದೇ ಇಲ್ಲ. ಕಿವಿರು, ಬಾಲ ಎಲ್ಲವನ್ನೂ ಇಟ್ಟುಕೊಂಡು ನೀರಿನಲ್ಲೇ ದೊಡ್ಡದಾಗುತ್ತದೆ, ನೀರಿನಲ್ಲೇ ಮೊಟ್ಟೆ ಇಡುತ್ತದೆ, ನೀರಿನಲ್ಲೇ ಮುದಿಯಾಗುತ್ತದೆ.

ಮಗನಿಗೆ ಇದರ ಹುಚ್ಚು ಹತ್ತಿದ್ದು ಮೈನ್‌ಕ್ರಾಫ್ಟ್‌ನಿಂದ. ಸ್ಟಾಕ್‌ಹೋಮ್‌ನ ಮೋಯಾಂಗ್ ಕಂಪನಿ 2021ರ ಜೂನ್‌ನಲ್ಲಿ ಆಟಕ್ಕೆ ಆಕ್ಸೊಲಾಟಲ್ ಸೇರಿಸಿತು. ನಿಮ್ಮಲ್ಲಿ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಎರಡು ವರ್ಷ ಕಾಡಿಸಿ ಬೇಡಿಸಿ ನಮ್ಮಿಂದ ಹೂಂ ಅನ್ನಿಸಿಕೊಂಡ. ಎರಡು ಮರಿ ಬಂದವು, ಬೋಂಡ ಮತ್ತು ವಡೆ. ಮೂರು ತಲೆಮಾರಿನಿಂದ ಸಸ್ಯಾಹಾರಿಗಳಾದ ನಮ್ಮ ಮನೆಯ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಕ್ಕ ಎರೆಹುಳುವಿನ ಡಬ್ಬಿ ಬಂದು ಕುಳಿತಿತು. ಅತ್ತೆಯವರು ಬರುವ ಹಿಂದಿನ ದಿನ ಆ ಡಬ್ಬಿಗೆ ಎರಡು ಚೀಲ ಸುತ್ತಿ ಕೆಳಗಿನ ಖಾನೆಗೆ ದಾಟಿಸಿದೆ.

ಜುಲೈನಲ್ಲಿ ಒಂದು ಸಂಜೆ ಊಟ ಹಾಕುವಾಗ ವಡೆ ಎರೆಹುಳುವಿಗೆ ಬಾಯಿ ಹಾಕಲು ಹೋಗಿ ಬೋಂಡನ ಬಲ ಮುಂಗಾಲಿಗೆ ಬಾಯಿ ಹಾಕಿತು. ಇವುಗಳ ದೃಷ್ಟಿ ಮಂದ, ಮುಂದೆ ಅಲ್ಲಾಡಿದ್ದನ್ನೆಲ್ಲ ಎಳೆದುಕೊಳ್ಳುತ್ತವೆ. ಮಣಿಕಟ್ಟಿನಿಂದ ಕೆಳಗೆ ಏನೂ ಉಳಿಯಲಿಲ್ಲ. ನಾನು ಕೂಗಿಕೊಂಡೆ. ಮಗ ಮಾತ್ರ ಶಾಂತವಾಗಿ, "ಬರತ್ತೆ ಅಮ್ಮ, ಹಲ್ಲಿ ಬಾಲದ ಥರ" ಎಂದ. ಅವನು ಹೇಳಿದ್ದು ನಿಜ. ಇನ್ನೂ ಹೇಳಬೇಕೆಂದರೆ ಹಲ್ಲಿಗಿಂತ ಇದು ಬಹಳ ಮುಂದೆ. ಹಲ್ಲಿಗೆ ಬರುವ ಹೊಸ ಬಾಲದಲ್ಲಿ ಮೊದಲಿನಂತೆ ಬೆನ್ನುಮೂಳೆ ಇರುವುದಿಲ್ಲ. ಆಕ್ಸೊಲಾಟಲ್‌ಗೆ ಮೂಳೆ, ಸ್ನಾಯು, ನರ, ಚರ್ಮ ಎಲ್ಲ ಸೇರಿ ಇಡೀ ಕಾಲು ಬರುತ್ತದೆ. ಬೆನ್ನುಹುರಿ, ಹೃದಯದ ಭಾಗವೂ ಸರಿಹೋಗುತ್ತವೆ. ಇದು ಹೇಗೆ ಸಾಧ್ಯ ಎಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಪಕ್ಕದ ಸೋಲ್ನಾದ ಕರೋಲಿನ್ಸ್ಕಾ ಇನ್‌ಸ್ಟಿಟ್ಯೂಟ್‌ನಲ್ಲಿ ಆಂಡ್ರಾಸ್ ಸೀಮೋನ್ ಅವರ ತಂಡ ಆಕ್ಸೊಲಾಟಲ್‌ನ ದಾಯಾದಿಗಳಾದ ನ್ಯೂಟ್‌ಗಳಲ್ಲಿ ಇದನ್ನೇ ಅಧ್ಯಯನ ಮಾಡುತ್ತಿದೆ. 2018ರಲ್ಲಿ ಆಕ್ಸೊಲಾಟಲ್‌ನ ಜೀನೋಮ್ ಓದಿ ಮುಗಿಸಿದಾಗ ಅದರಲ್ಲಿ 3200 ಕೋಟಿ ಅಕ್ಷರಗಳಿದ್ದವು. ನಮ್ಮದರ ಹತ್ತು ಪಟ್ಟು!

ವಡೆಯನ್ನು ಹಾಲೊನ್‌ಬೆರ್ಯೆನ್‌ನಲ್ಲಿರುವ ಮಗನ ಗೆಳೆಯನ ಮನೆಗೆ ಕಳಿಸಿದೆವು. ಅವರಲ್ಲೂ ತೊಟ್ಟಿ ಇತ್ತು. ಬೋಂಡ ಒಂಟಿಯಾಗಿ ಆರಾಮಾಗಿತ್ತು, ಗಾಯದ ಮೇಲೆ ಒಂದೆರಡು ದಿನದಲ್ಲೇ ತೆಳು ಚರ್ಮ ಮುಚ್ಚಿಕೊಂಡಿತು. "ಕಾಲೇ ಬೆಳೆಸಿಕೊಳ್ಳೋ ಪ್ರಾಣಿಗೆ ಇನ್ನೇನಾಗತ್ತೆ" ಎಂಬ ಧೈರ್ಯ ನಮ್ಮೆಲ್ಲರಿಗೂ ಬಂದಿತ್ತು. ಆ ಧೈರ್ಯವೇ ನಮ್ಮ ತಪ್ಪು.

ಆಗಸ್ಟ್ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ. ಅತ್ತೆಯವರು ಹಾಸನದ ಮನೆಯನ್ನು ತೊಳೆಯುವ ಹಾಗೆ ಈ ಮನೆಯನ್ನೂ ತೊಳೆದರು. ನಾವಿಬ್ಬರೂ ಆಫೀಸಿನಲ್ಲಿ, ಮಗ ಈಜಲು ಹೋಗಿದ್ದ. ತೊಟ್ಟಿಯ ಫಿಲ್ಟರಿನ ಸ್ಪಂಜು ಅವರ ಕಣ್ಣಿಗೆ ಬಿತ್ತು. ಕಂದು ಬಣ್ಣ, ಲೋಳೆ ಲೋಳೆ. ಹಬ್ಬದ ಮನೆಯಲ್ಲಿ ಆ ಕೊಳೆಯೇ ಎಂದು ಬಿಸಿನೀರಿನ ನಲ್ಲಿ ಬಿಟ್ಟು, ಉಜ್ಜಿ, ಹಿಂಡಿ, ಬೆಳ್ಳಗೆ ಮಾಡಿ ವಾಪಸ್ ಇಟ್ಟರು. ಸಂಜೆ ಬಂದು ನೋಡಿದ ನನಗೂ ತೊಟ್ಟಿ ಎಂದಿಗಿಂತ ಚೆನ್ನಾಗಿ ಕಂಡಿತು. ಏನಾಗಿದೆ ಎಂದು ನನಗೂ ಹೊಳೆಯಲಿಲ್ಲ.

ಮೂರನೇ ದಿನ ಬೋಂಡ ಊಟ ಮುಟ್ಟಲಿಲ್ಲ. ಕಿವಿರಿನ ಗರಿಗಳು ಮುಂದಕ್ಕೆ ಬಾಗಿದ್ದವು, ಬಾಲದ ತುದಿ ಕೊಕ್ಕೆಯಂತೆ ಮಡಚಿತ್ತು. ಮೂಲೆಯಲ್ಲಿ ಅಲ್ಲಾಡದೆ ಬಿದ್ದಿತ್ತು. ಮಗ ಅದನ್ನು ಹಿಂದಿನ ದಿನವೇ ನೋಡಿದ್ದನಂತೆ, ಆದರೆ ಯಾರಿಗೂ ಹೇಳಿರಲಿಲ್ಲ. ಯಾಕೆ ಗೊತ್ತೇ? ಮೈನ್‌ಕ್ರಾಫ್ಟ್‌ನಲ್ಲಿ ಆಕ್ಸೊಲಾಟಲ್‌ಗೆ ಪೆಟ್ಟಾದರೆ ಅದು ಸತ್ತಂತೆ ನಟಿಸುತ್ತದೆ, ಆ ಹೊತ್ತಿನಲ್ಲಿ ಅದರ ಶಕ್ತಿ ಮರಳಿ ಬರುತ್ತದೆ. ಮಕ್ಕಳೇ, ಇದನ್ನು ದಯವಿಟ್ಟು ನೆನಪಿಡಿ. ನಿಜವಾದ ಆಕ್ಸೊಲಾಟಲ್ ಹಾಗೆ ನಟಿಸುವುದಿಲ್ಲ. ಊಟ ಬಿಟ್ಟು, ಕಿವಿರು ಬಾಗಿಸಿ, ಬಾಲ ಮಡಚಿ ಬಿದ್ದಿದ್ದರೆ ಅದು ನಿಮ್ಮನ್ನು ಕರೆಯುತ್ತಿದೆ. ತಕ್ಷಣ ದೊಡ್ಡವರಿಗೆ ಹೇಳಿ, ಆಟದಲ್ಲಿ ಏನೇ ಇರಲಿ.

ಟಾರ್ಚ್ ಬಿಟ್ಟು ನೋಡಿದರೆ ಮೊಂಡುಗಾಲಿನ ತುದಿಯಲ್ಲಿ ಹತ್ತಿಯ ಎಳೆಯಂಥ ಬಿಳಿ ಬೂಷ್ಟು. ನಮ್ಮತ್ತೆ ತಕ್ಷಣ ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬಿ ಹಿಡಿದು ಬಂದರು. ಅವರ ಕೈ ಹಿಡಿದು ನಿಲ್ಲಿಸಿದೆ. ಪೋಷಕರೇ, ನಮಗೆಲ್ಲ ಗಾಯ ಅಂದರೆ ಅರಿಶಿನ, ಗಂಟಲು ಕೆರೆತ ಅಂದರೆ ಉಪ್ಪುನೀರು ರಕ್ತದಲ್ಲೇ ಬಂದಿದೆ. ಆದರೆ ಆಕ್ಸೊಲಾಟಲ್‌ನ ಚರ್ಮ ನಮ್ಮ ಚರ್ಮದ ಹಾಗಲ್ಲ. ತೆಳ್ಳಗೆ, ತೇವವಾಗಿ, ನೀರಿನಲ್ಲಿ ಇರುವುದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಅರಿಶಿನ, ಡೆಟಾಲ್, ಮನೆಯಲ್ಲಿ ಉಳಿದ ಆಂಟಿಬಯಾಟಿಕ್, ಯಾವುದೂ ಬೇಡ. ಮೀನಿಗೆಂದು ಅಂಗಡಿಯಲ್ಲಿ ಸಿಗುವ ಔಷಧಿಗಳನ್ನೂ ನೀವಾಗಿ ಹಾಕಬೇಡಿ. ಅವುಗಳಲ್ಲಿ ಕೆಲವದರಲ್ಲಿ ತಾಮ್ರ ಇರುತ್ತದೆ, ಮೀನು ತಡೆದುಕೊಂಡರೂ ಇದು ತಡೆಯದು.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಪ್ರಾಣಿಯನ್ನಲ್ಲ, ನೀರನ್ನು ನೋಡಬೇಕು. ನೀರು ಪರೀಕ್ಷಿಸುವ ಹನಿ ಔಷಧಿಯ ಪೆಟ್ಟಿಗೆ ನಮ್ಮಲ್ಲಿತ್ತು, ಎರಡು ತಿಂಗಳಿಂದ ಮುಟ್ಟಿರಲಿಲ್ಲ. ಅಮೋನಿಯಾ ಇಲ್ಲದಿದ್ದರೆ ಟ್ಯೂಬಿನ ನೀರು ಹಳದಿ ಇರಬೇಕು. ನಮ್ಮದು ಕಡು ಹಸಿರಾಯಿತು. ಪಟ್ಟಿಯ ಜೊತೆ ಹೋಲಿಸಿದರೆ ಲೀಟರಿಗೆ 2 ಮಿಲಿಗ್ರಾಂ. ಇರಬೇಕಾದ್ದು ಸೊನ್ನೆ. ಉಷ್ಣತೆ 25 ಡಿಗ್ರಿ. ಇರಬೇಕಾದ್ದು 16ರಿಂದ 18. ನಮ್ಮ ಮನೆಯ ದೊಡ್ಡ ಕಿಟಕಿಗಳು ಚಳಿಗಾಲಕ್ಕೆಂದು ಕಟ್ಟಿದ್ದು, ಬೇಸಿಗೆಯಲ್ಲಿ ಒಳಗೆ ಬೆಂದುಹೋಗುತ್ತೇವೆ. ಬೆಚ್ಚಗಿನ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜೋರು, ಆಮ್ಲಜನಕ ಇನ್ನೂ ಕಡಿಮೆ. ಬೋಂಡ ತನ್ನ ಮೂತ್ರದಲ್ಲೇ ಬೇಯುತ್ತಿತ್ತು ಅನ್ನಿ.

ಹೊಸ ಪ್ಲಾಸ್ಟಿಕ್ ಡಬ್ಬವೊಂದಕ್ಕೆ, ಸೋಪು ತಾಗಿಸದೆ ಬರೀ ನೀರಿನಲ್ಲಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿದ ನಲ್ಲಿ ನೀರು ತುಂಬಿದೆವು. ತಣ್ಣೀರಿನ ನಲ್ಲಿಯದೇ ಆಗಬೇಕು, ಸ್ವಲ್ಪ ಹೊತ್ತು ಹರಿಯಬಿಟ್ಟ ಮೇಲೆ. ಒಮ್ಮೆಲೇ ತಣ್ಣಗಾದರೂ ಅದಕ್ಕೆ ಆಘಾತವೇ. ಹಾಗಾಗಿ ಶುರುವಿನಲ್ಲಿ ತೊಟ್ಟಿಯಷ್ಟೇ ಬೆಚ್ಚಗಿರಿಸಿ, ಡಬ್ಬವನ್ನು ತಣ್ಣೀರಿನ ದೊಡ್ಡ ಟಬ್ಬಿನೊಳಗೆ ಇಟ್ಟೆವು. ಫ್ರಿಜ್ ಇಲ್ಲದ ಕಾಲದಲ್ಲಿ ಹಾಲು ಒಡೆಯದಿರಲಿ ಎಂದು ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿ ಇಡುತ್ತಿದ್ದರಲ್ಲ, ಹಾಗೆ. ಈ ಉಪಾಯ ಅತ್ತೆಯವರದೇ. ರಾತ್ರಿಯ ಹೊತ್ತಿಗೆ ನೀರು 18ಕ್ಕೆ ಇಳಿಯಿತು. ಬೋಂಡನನ್ನು ಬಲೆಯಲ್ಲಿ ಎತ್ತಲಿಲ್ಲ, ಕಿವಿರು ಸಿಕ್ಕಿ ಹರಿಯುತ್ತದೆ. ಅಗಲ ಬಟ್ಟಲನ್ನು ನೀರಿನೊಳಗೇ ಅದರ ಕೆಳಗೆ ತೂರಿಸಿ, ನೀರಿನ ಸಮೇತ ಎತ್ತಿದೆವು. ದಿನಕ್ಕೊಮ್ಮೆ ಡಬ್ಬದ ಪೂರ್ತಿ ನೀರು ಬದಲಿಸುವುದು, ಮೇಲೊಂದು ಬಟ್ಟೆ ಹೊದಿಸಿ ಕತ್ತಲು ಮಾಡುವುದು, ಉಳಿದಂತೆ ಕೈ ಹಾಕದೆ ಇರುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಮಗ ಹತ್ತು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಿದ್ದ.

ಆ ರಾತ್ರಿ ಅವನು ಅಪ್ಪನ ಹತ್ತಿರ ಸ್ವೀಡಿಷ್‌ನಲ್ಲಿ, "ಅಜ್ಜಿ ಬೋಂಡನನ್ನು ಸಾಯಿಸಿದರು" ಎಂದ. ಅಜ್ಜಿಗೆ ಅರ್ಥವಾಗಬಾರದೆಂದೇ ಸ್ವೀಡಿಷ್. ಆದರೆ "ಅಜ್ಜಿ" ಎಂಬ ಪದ ಅವನಿಗೆ ಯಾವ ಭಾಷೆಯಲ್ಲೂ "ಅಜ್ಜಿ"ಯೇ, ಇನ್ನು ಅಳುವ ದನಿಗೆ ಅನುವಾದ ಬೇಕಿಲ್ಲ. ಅತ್ತೆಯವರು ಮಾರನೆಯ ದಿನ ಬರೀ ಮಜ್ಜಿಗೆ ಕುಡಿದುಕೊಂಡಿದ್ದರು. ಹಬ್ಬದ ಒಬ್ಬಟ್ಟು ಹಾಗೇ ಉಳಿದಿತ್ತು. ನನಗೆ ಮಗನನ್ನು ಗದರಲೂ ಆಗದು, ಅತ್ತೆಯವರಿಗೆ ಸಮಾಧಾನ ಹೇಳಲೂ ಬಾರದು. ನಿಜ ಹೇಳಬೇಕೆಂದರೆ ತಪ್ಪು ನನ್ನದು. ಮನೆಗೆ ಬಂದವರಿಗೆ ಗ್ಯಾಸ್ ಒಲೆ ಅಲ್ಲ, ಇಂಡಕ್ಷನ್ ಒಲೆ ಹೇಗೆ ಹಚ್ಚುವುದು ಎಂದು ತೋರಿಸಿಕೊಟ್ಟಿದ್ದೆ. ತೊಟ್ಟಿಯ ಬಗ್ಗೆ ಒಂದು ಮಾತು ಹೇಳಿರಲಿಲ್ಲ.

ಬೆಳಿಗ್ಗೆ ಪಶುವೈದ್ಯರಿಗೆ ಫೋನ್ ಮಾಡಿದೆ. ಎಲ್ಲ ಪ್ರಾಣಿ ಆಸ್ಪತ್ರೆಗಳೂ ಇಂಥ ಪ್ರಾಣಿಯನ್ನು ನೋಡುವುದಿಲ್ಲ. ಫೋನಿನಲ್ಲಿ "ಎಕ್ಸೋಟಿಸ್ಕಾ ಯೂರ್" ನೋಡುವ ವೈದ್ಯರು ಇದ್ದಾರೆಯೇ, "ಗ್ರೂದ್‌ಯೂರ್" ನೋಡುತ್ತಾರೆಯೇ ಎಂದು ಮೊದಲೇ ಕೇಳಿ. ಎರಡನೆಯದೆಂದರೆ ಉಭಯವಾಸಿ. ನನಗೆ ಮೂರನೇ ಕಡೆ ಹೂಂ ಅಂದರು. ಇಂಥ ವೈದ್ಯರ ನಂಬರನ್ನು ಪ್ರಾಣಿ ಚೆನ್ನಾಗಿರುವಾಗಲೇ ಹುಡುಕಿ ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಇದು ಬರೀ ದಯೆಯ ಮಾತಲ್ಲ. 2019ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸ್ವೀಡನ್ನಿನ ಪ್ರಾಣಿ ರಕ್ಷಣಾ ಕಾಯ್ದೆಯ ಪ್ರಕಾರ, ಕಾಯಿಲೆ ಬಿದ್ದ ಅಥವಾ ಗಾಯಗೊಂಡ ಪ್ರಾಣಿಗೆ ತಡಮಾಡದೆ ಆರೈಕೆ ಕೊಡುವುದು, ಬೇಕಾದರೆ ಪಶುವೈದ್ಯರನ್ನು ಕರೆಯುವುದು ಅದನ್ನು ನೋಡಿಕೊಳ್ಳುವವರ ಹೊಣೆ. ನಾಯಿಗೆ ಒಂದು, ಆಕ್ಸೊಲಾಟಲ್‌ಗೆ ಒಂದು ಎಂಬ ಭೇದ ಅಲ್ಲಿಲ್ಲ.

ಮುಚ್ಚಳದ ಡಬ್ಬದಲ್ಲಿ ಬೋಂಡ, ಡಬ್ಬ ಐಸ್‌ಕ್ರೀಂ ತರುವ ತಂಪು ಚೀಲದಲ್ಲಿ, ಚೀಲ ಮಗನ ತೊಡೆಯ ಮೇಲೆ. ವೈದ್ಯೆ ಬೋಂಡನನ್ನು ನೋಡುವ ಮೊದಲು, "ನೀರಿನ ಲೆಕ್ಕ ಎಷ್ಟು?" ಎಂದು ಕೇಳಿದರು. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಬೂಷ್ಟು ಎಂದರೆ ಸಾಪ್ರೊಲೆಗ್ನಿಯಾ ಜಾತಿಯದು, ನೀರಿನಲ್ಲಿ ಎಲ್ಲೆಲ್ಲೂ ಇರುತ್ತದೆ, ಗಟ್ಟಿಯಾಗಿರುವ ಪ್ರಾಣಿಯನ್ನು ಏನೂ ಮಾಡುವುದಿಲ್ಲ, ಸೋತದ್ದರ ಮೇಲೆ ಹತ್ತಿಕೊಳ್ಳುತ್ತದೆ ಎಂದರು. ಅದ್ದಿ ತೆಗೆಯಲು ಒಂದು ಔಷಧಿ ಕೊಟ್ಟರು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಪ್ರಮಾಣ ತಪ್ಪಿದರೆ ಅದೇ ವಿಷ, ನಿಮ್ಮ ಪ್ರಾಣಿಗೆ ನಿಮ್ಮ ವೈದ್ಯರೇ ಹೇಳಬೇಕು. ಫ್ರಿಜ್‌ನಲ್ಲಿಟ್ಟರೆ ಬೂಷ್ಟು ನಿಲ್ಲುತ್ತದೆ ಎಂದು ಆಕ್ಸೊಲಾಟಲ್ ಸಾಕುವ ಪರಿಚಯದವರೊಬ್ಬರು ನನಗೆ ಹೇಳಿದ್ದರು. ಕೇಳಿದೆ. "ಬೇಡ, ಅಷ್ಟು ಚಳಿಯಲ್ಲಿ ಅದರ ಮೈಯ ಹೋರಾಟವೂ ನಿಧಾನವಾಗುತ್ತದೆ. ಶುದ್ಧವಾದ 16 ಡಿಗ್ರಿ ನೀರು ಕೊಡಿ, ಸಾಕು" ಎಂದರು. ದೋಸೆ ಹಿಟ್ಟು ಬಚಾವಾಯಿತು. ದೊಡ್ಡ ಪ್ರಾಣಿ ಒಂದು ವಾರ ಉಪವಾಸವಿದ್ದರೂ ಹೆದರಬೇಡಿ, ಬಾಯಿಗೆ ತುರುಕಬೇಡಿ ಎಂದೂ ಹೇಳಿದರು. ಹೊಟ್ಟೆ ಅಥವಾ ಕಾಲು ಕೆಂಪಾದರೆ, ಮೈ ಊದಿಕೊಂಡರೆ, ಅಂಗಾತ ತೇಲಿದರೆ ಮಾತ್ರ ಕಾಯಬಾರದು. ಬಿಲ್ಲು ಬೋಂಡನನ್ನು ಕೊಂಡ ಬೆಲೆಗಿಂತ ಜಾಸ್ತಿಯಾಯಿತು. ಪ್ರಾಣಿ ಕೊಳ್ಳುವ ಮುಂಚೆ ಪೋಷಕರು ಈ ಮಾತನ್ನೂ ಮಕ್ಕಳ ಜೊತೆ ಆಡಿಬಿಡುವುದು ಒಳ್ಳೆಯದು.

ವಾಪಸ್ ಬರುವಾಗ ವೈದ್ಯೆ ಹೇಳಿದ್ದನ್ನು ಅಜ್ಜಿಗೆ ನೀನೇ ತಿಳಿಸಬೇಕು ಎಂದು ಮಗನಿಗೆ ಹೇಳಿದೆ. ಕನ್ನಡದಲ್ಲಿ. ಮುಖ ಗಂಟು ಹಾಕಿಕೊಂಡೇ ಶುರು ಮಾಡಿದ. "ಅಜ್ಜಿ, ಆ ಸ್ಪಂಜಲ್ಲಿ ಬ್ಯಾಕ್ಟೀರಿಯಾ ಇರತ್ತೆ. ಒಳ್ಳೇದು. ಬೋಂಡನ ಉಚ್ಚೆಯಿಂದ ಅಮೋನಿಯಾ ಬರತ್ತೆ, ವಿಷ. ಒಂದು ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡತ್ತೆ, ಅದೂ ವಿಷ. ಇನ್ನೊಂದು ಅದನ್ನ ತಿಂದು ನೈಟ್ರೇಟ್ ಮಾಡತ್ತೆ, ಅದು ಅಷ್ಟು ವಿಷ ಅಲ್ಲ, ವಾರಕ್ಕೊಂದ್ಸಲ ನೀರು ಬದಲಾಯಿಸಿದ್ರೆ ಹೋಗತ್ತೆ. ಆ ಲೋಳೆನೇ ಬ್ಯಾಕ್ಟೀರಿಯಾ. ಬಿಸಿನೀರಲ್ಲಿ ತೊಳೆದ್ರೆ ಎಲ್ಲ ಸತ್ತೋಗತ್ತೆ."

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಹೆಪ್ಪನ್ನೇ ತೊಳೆದುಬಿಟ್ಟೆನಲ್ಲೋ!" ಎಂದರು.

ಅವನಿಗೆ ಹೆಪ್ಪು ಎಂದರೆ ಗೊತ್ತಿರಲಿಲ್ಲ. ಮೊಸರಿನ ಪಾತ್ರೆ ತೋರಿಸಿದರು. ಇಲ್ಲಿಯ ಚಳಿಗೆ ಮೊಸರು ಹೆಪ್ಪಾಗುವುದಿಲ್ಲವೆಂದು ಪಾತ್ರೆಗೆ ಟವೆಲ್ ಸುತ್ತಿ ಓವನ್ನಿನಲ್ಲಿ ಇಡುತ್ತಿದ್ದುದನ್ನು ಅವನು ದಿನಾ ನೋಡಿದ್ದ, ಯಾಕೆಂದು ಕೇಳಿರಲಿಲ್ಲ. ಒಂದು ಚಮಚ ಹಳೇ ಮೊಸರು ಉಳಿಸಿಕೊಂಡರೆ ಅದರೊಳಗಿನ ಜೀವ ನಾಳೆಯ ಹಾಲನ್ನೂ ಮೊಸರು ಮಾಡುತ್ತದೆ, ಪಾತ್ರೆ ಗಲಬರಿಸಿ ತೊಳೆದುಬಿಟ್ಟರೆ ಮುಗಿಯಿತು ಎಂದು ವಿವರಿಸಿದರು. ಆಮೇಲೆ ಅವರೇ ಕೇಳಿದರು, "ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಈಸ್ಕೊಂಡ್ ಬರ್ತೀವಿ. ಇದಕ್ಕೆ ಹಾಗೆ ಸಿಗಲ್ವಾ?"

ಸಿಗುತ್ತದೆ! ಗಟ್ಟಿಮುಟ್ಟಾದ, ಕಾಯಿಲೆಯಿಲ್ಲದ ತೊಟ್ಟಿಯ ಹಳೇ ಸ್ಪಂಜಿನ ತುಂಡನ್ನು ತಂದು ನಮ್ಮ ಫಿಲ್ಟರಿಗೆ ಹಾಕಿದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಸೊನ್ನೆಯಿಂದ ಶುರು ಮಾಡಿದರೆ ಆರು ವಾರವೂ ಹಿಡಿಯಬಹುದು. ಅಜ್ಜಿ ಮೊಮ್ಮಗ ಇಬ್ಬರೂ ಅದೇ ಸಂಜೆ ಹಾಲೊನ್‌ಬೆರ್ಯೆನ್‌ಗೆ ನಡೆದುಕೊಂಡು ಹೋಗಿ, ವಡೆಯ ತೊಟ್ಟಿಯಿಂದ ಅರ್ಧ ಸ್ಪಂಜನ್ನು ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿಕೊಂಡು ಸ್ಟೀಲ್ ಡಬ್ಬಿಯಲ್ಲಿ ತಂದರು. ಪ್ರತಿಯಾಗಿ ಒಬ್ಬಟ್ಟು ಕೊಟ್ಟು ಬಂದರಂತೆ. ಬೋಂಡ ಡಬ್ಬದಲ್ಲಿರುವ ತನಕ ಬ್ಯಾಕ್ಟೀರಿಯಾಗೂ ಊಟ ಬೇಕಲ್ಲ, ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿದರು. ನೀರಿನ ಪರೀಕ್ಷೆ ದಿನಕ್ಕೊಮ್ಮೆ. ಬಣ್ಣ ಹೋಲಿಸುವ ಕೆಲಸ ಅಜ್ಜಿಯದು, ಬರೆದುಕೊಳ್ಳುವುದು ಇವನದು, ಕನ್ನಡ ಅಂಕಿಗಳಲ್ಲಿ. ಹದಿನಾರನೇ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತವು. ಬೋಂಡ ತೊಟ್ಟಿಗೆ ಮರಳಿತು. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಪುಟ್ಟ ಫ್ಯಾನ್ ಇಟ್ಟಿದ್ದೇವೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಇದೇ ಕಾರಣಕ್ಕೆ, ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ಸ್ಪಂಜು ತೀರಾ ಕಟ್ಟಿಕೊಂಡರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ ಇಡುತ್ತೇವೆ, ಅಷ್ಟೇ.

ಈ ಗಡಿಬಿಡಿಯಲ್ಲಿ ಮಗ ಒಂದು ಪ್ರಶ್ನೆ ಕೇಳಿದ. "ಕಾಲು ಬೆಳೆಸಿಕೊಳ್ಳೋದು ನೀರನ್ನ ಯಾಕೆ ತಡ್ಕೊಳ್ಳಲ್ಲ?" ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ, ಅವುಗಳ ಊರಿನ ಕಥೆ ಹೇಳಿದೆ. ಆಕ್ಸೊಲಾಟಲ್‌ಗಳ ತವರು ಮೆಕ್ಸಿಕೋ ನಗರದ ಅಂಚಿನ ಸೊಚಿಮಿಲ್ಕೋ ಕಾಲುವೆಗಳು. 1998ರ ಸಮೀಕ್ಷೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಇದ್ದವು. 2014ರ ಸಮೀಕ್ಷೆಯಲ್ಲಿ ಸುಮಾರು 36. ನಗರದ ಕೊಳೆ ನೀರು, ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ ಮತ್ತು ಕಾರ್ಪ್ ಮೀನುಗಳು ಸೇರಿ ಅವನ್ನು ಮುಗಿಸುತ್ತಿವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಪ್ರಯೋಗಾಲಯಗಳಲ್ಲಿ ಇರುವ ಹೆಚ್ಚಿನವು 1864ರಲ್ಲಿ ಪ್ಯಾರಿಸ್‌ನ ಓಗ್ಯುಸ್ತ್ ದ್ಯುಮೆರಿಲ್ ಅವರ ಕೈ ಸೇರಿದ ಆರು ಆಕ್ಸೊಲಾಟಲ್‌ಗಳ ಸಂತತಿ. ಮನೆಗಳ ತೊಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ, ತವರಿನಲ್ಲಿ ಹುಡುಕಬೇಕು. ಹಾಗೆಂದು ಸಾಕಲಾಗದೆ ಲೊಟ್ಷೋನ್ ಕೆರೆಗೆ ಬಿಡುವ ಯೋಚನೆ ಯಾರೂ ಮಾಡಬೇಡಿ. ತೊಟ್ಟಿಯ ನೀರನ್ನೂ ಅಲ್ಲಿ ಚೆಲ್ಲಬೇಡಿ. ಇಲ್ಲಿನ ಕಪ್ಪೆ, ಸಲಮಾಂಡರ್‌ಗಳಿಗೆಲ್ಲ ಸ್ವೀಡನ್ನಿನಲ್ಲಿ ಕಾನೂನಿನ ರಕ್ಷಣೆ ಇದೆ, ಅವಕ್ಕೆ ನಮ್ಮ ತೊಟ್ಟಿಯ ಕಾಯಿಲೆ ಹತ್ತಬಾರದು.

ಅತ್ತೆಯವರು ಆಗಸ್ಟ್ ಕೊನೆಗೆ ಊರಿಗೆ ಹೊರಟಾಗ ಬೋಂಡನ ಮೊಂಡುಗಾಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಾಣಿಸಿತ್ತು. ಸೆಪ್ಟೆಂಬರ್‌ನಲ್ಲಿ ಅದು ಚಪ್ಪಟೆ ಹುಟ್ಟಿನಂತಾಯಿತು. ದೋಣಿಯ ಹುಟ್ಟು, ಮಕ್ಕಳೇ. ಆಮೇಲೆ ಎರಡು ಬೆರಳು, ಅವುಗಳ ಪಕ್ಕ ಮೂರನೆಯದು, ಕೊನೆಗೆ ನಾಲ್ಕನೆಯದು. ಹೊಸ ಕಾಲು ಹಳೆಯದಕ್ಕಿಂತ ಸ್ವಲ್ಪ ತೆಳ್ಳಗಿದೆ, ಬಣ್ಣ ತಿಳಿ, ಗಾಯದ ಕಲೆ ಮಾತ್ರ ಇಲ್ಲ. ಪ್ರತಿ ಭಾನುವಾರ ವಾಟ್ಸಾಪ್ ವಿಡಿಯೋದಲ್ಲಿ ಹಾಸನಕ್ಕೆ ಕಾಲಿನ ದರ್ಶನ ನಡೆಯುತ್ತಿತ್ತು. ಹೋದ ಭಾನುವಾರ ಅಜ್ಜಿ ಕನ್ನಡಕ ಹಾಕಿಕೊಂಡು, ಫೋನನ್ನು ಮೂಗಿನ ಹತ್ತಿರ ತಂದು ಎಣಿಸಿದರು.

"ಒಂದು, ಎರಡು, ಮೂರು, ನಾಲ್ಕು. ಲೋ, ಒಂದು ಬೆರಳು ಕಮ್ಮಿ ಬಂದಿದೆಯಲ್ಲೋ! ನಾನು ತೊಳೆದಿದ್ದಕ್ಕೇನೋ?"

"ಇಲ್ಲ ಅಜ್ಜಿ, ಮುಂದಿನ ಕಾಲಿಗೆ ನಾಲ್ಕೇ ಇರೋದು. ಹಿಂದಿನ ಕಾಲಿಗೆ ಐದು. ಇರಿ, ತಿರುಗಿದ ಮೇಲೆ ತೋರಿಸ್ತೀನಿ."

ಬೋಂಡ ತಿರುಗಲಿಲ್ಲ. ಅಜ್ಜಿ ಹಾಗೇ ಫೋನ್ ಹಿಡಿದುಕೊಂಡು ಕಾಯುತ್ತಿದ್ದರು.